ಹಕ್ಕು: ಹ-ಕ-ಕ ಎಂಬ ಅರಬ್ಬಿ ಧಾತುವಿನ ಅರ್ಥವ್ಯಾಪ್ತಿ

ಹ-ಕ-ಕ ಎಂಬುದು ಅಭಿಜಾತ ಅರಬ್ಬಿ ಭಾಷೆಯ ಮೂರು ವ್ಯಂಜನಗಳ ಒಂದು ಧಾತು. ಸತ್ಯ, ದೃಢತೆ, ನ್ಯಾಯವಾಗಿ ಸಲ್ಲಬೇಕಾದ ಪಾಲು, ಸಲ್ಲಿಸಲೇಬೇಕಾದ ಕರ್ತವ್ಯ ಎಂಬ ಅರ್ಥಗಳ ಪದಗಳು ಇದರಿಂದ ಹುಟ್ಟಿವೆ. ಕನ್ನಡದ ‘ಹಕ್ಕು’ ಈ ಧಾತುವಿನ ‘ಹಕ್ಕ್’ ಎಂಬ ನಾಮಪದದಿಂದ ಬಂದದ್ದು. ಕನ್ನಡದಲ್ಲಿ ಬಳಕೆಯಲ್ಲಿರುವ ಅರಬ್ಬಿ ಮೂಲದ ಪದಗಳಲ್ಲಿ ಇದರಷ್ಟು ಆಳವಾಗಿ ಬೇರೂರಿದವು ಕಡಿಮೆ. ಸಂವಿಧಾನದ ಕನ್ನಡ ಪಾಠದಿಂದ ಹಿಡಿದು ಹೋಬಳಿ ಮಟ್ಟದ ನಾಡಕಚೇರಿಯ ಅರ್ಜಿಯವರೆಗೆ ಅದು ಹರಡಿದೆ. ಈ ಲೇಖನದಲ್ಲಿ ‘ಧಾತು’ ಎಂದರೆ ಅರಬ್ಬಿ ವ್ಯಾಕರಣದ ವ್ಯಂಜನಮೂಲ, ‘ಸಾಧಿತ’ ಎಂದರೆ ಅದರಿಂದ ಕಟ್ಟಿದ ಪದ, ‘ಹಕ್ಕ್’ ಎಂದರೆ ಅರಬ್ಬಿ ರೂಪ, ‘ಹಕ್ಕು’ ಎಂದರೆ ಕನ್ನಡ ರೂಪ.

ಧಾತುವಿನ ರಚನೆ

ಅರಬ್ಬಿ ಪದಗಳಲ್ಲಿ ಮೂಲಾರ್ಥವನ್ನು ಹೊರುವುದು ವ್ಯಂಜನಗಳು. ಸ್ವರಗಳು ಮತ್ತು ಸೇರ್ಪಡೆಯ ಅಕ್ಷರಗಳು ಆ ಅರ್ಥವನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸುತ್ತವೆ. ಹೀಗೆ ತಿರುಗಿಸುವ ಅಚ್ಚಿಗೆ ಅರಬ್ಬಿ ವೈಯಾಕರಣರು ‘ವಜ್ನ್’ ಎನ್ನುತ್ತಾರೆ. ನಮ್ಮ ಸಂತೆಯ ತಕ್ಕಡಿಯ ‘ವಜನು’ ಇದೇ ಪದ.

ಹ-ಕ-ಕ ಧಾತುವಿನ ಮೊದಲ ವ್ಯಂಜನ ಗಂಟಲಿನ ಆಳದಿಂದ ಹೊರಡುವ ಹಕಾರ. ಎರಡನೆಯದು ಕಿರುನಾಲಿಗೆಯ ಬುಡದಲ್ಲಿ ಹುಟ್ಟುವ ಕಕಾರ. ಮೂರನೆಯದೂ ಅದೇ ಕಕಾರ. ಕೊನೆಯ ಎರಡು ವ್ಯಂಜನಗಳು ಒಂದೇ ಆಗಿರುವ ಇಂಥ ಧಾತುಗಳಿಗೆ ಅರಬ್ಬಿ ವ್ಯಾಕರಣದಲ್ಲಿ ‘ಮುದಾಅಫ್’, ಅಂದರೆ ದ್ವಿತ್ವ ಧಾತು, ಎಂದು ಹೆಸರು. ಈ ವರ್ಗದ ಇನ್ನೆರಡು ಧಾತುಗಳಿಂದಲೂ ಕನ್ನಡಕ್ಕೆ ಪದಗಳು ಬಂದಿವೆ: ಹ-ದ-ದ ಧಾತುವಿನಿಂದ ಎಲ್ಲೆ ಎಂಬರ್ಥದ ‘ಹದ್ದು’, ರ-ದ-ದ ಧಾತುವಿನಿಂದ ‘ರದ್ದು’. ಭೂಮಾಪಕರು ಮಾಡುವ ‘ಹದ್ದುಬಸ್ತು’, ಮಾತಿನಲ್ಲಿ ಬರುವ ‘ಹದ್ದು ಮೀರು’ ಎರಡರಲ್ಲೂ ಇರುವುದು ಆ ಹದ್ದು. ಆಕಾಶದಲ್ಲಿ ಹಾರುವ ಹದ್ದಿಗೆ ಅದರ ಸಂಬಂಧವಿಲ್ಲ.

ಮೂಲಾರ್ಥ

10ನೆಯ ಶತಮಾನದ ನಿಘಂಟುಕಾರ ಇಬ್ನ್ ಫಾರಿಸ್ ಪ್ರತಿಯೊಂದು ಧಾತುವಿಗೂ ಒಂದೋ ಎರಡೋ ಮೂಲಾರ್ಥಗಳನ್ನು ಹುಡುಕುವ ಪದ್ಧತಿಗೆ ಹೆಸರಾದವನು. ಹ-ಕ-ಕ ಧಾತುವಿಗೆ ಅವನು ಹೇಳುವುದು ಒಂದೇ ಮೂಲಾರ್ಥ: ವಸ್ತುವಿನ ಬಿಗಿ ಮತ್ತು ಸಮರ್ಪಕತೆ. ಒತ್ತಾಗಿ, ಬಿಗಿಯಾಗಿ ನೇಯ್ದ ಬಟ್ಟೆಗೆ ‘ಮುಹಕ್ಕಕ್’ ಎಂಬ ವಿಶೇಷಣವಿತ್ತು ಎಂಬುದನ್ನು ಅವನು ಉದಾಹರಿಸುತ್ತಾನೆ. ಮುಂದೆ ಇದೇ ‘ಮುಹಕ್ಕಕ್’ ಎಂಬುದು ಅರಬ್ಬಿ ಲಿಪಿಕಲೆಯ ಆರು ಪ್ರಸಿದ್ಧ ಶೈಲಿಗಳಲ್ಲಿ ಒಂದರ ಹೆಸರಾಯಿತು. ದೊಡ್ಡ ಅಳತೆಯ ಕುರ್‌ಆನ್ ಪ್ರತಿಗಳನ್ನು ಬರೆಯಲು ಆ ಶೈಲಿ ಬಳಕೆಯಾಗುತ್ತಿತ್ತು.

ಸೋದರ ಭಾಷೆಯಾದ ಹೀಬ್ರೂವಿನಲ್ಲಿ ಇದೇ ಧಾತುವಿಗೆ ಕೊರೆ, ಕೆತ್ತು ಎಂಬ ಅರ್ಥ. ಅಲ್ಲಿಂದ ಬಂದ ‘ಹೋಕ್’ ಎಂದರೆ ಕಟ್ಟಳೆ, ಶಾಸನ. ಇಂದಿನ ಹೀಬ್ರೂವಿನಲ್ಲಿಯೂ ಕಾನೂನಿಗೆ ಅದೇ ಪದ. ಕಲ್ಲಿನಲ್ಲಿ ಕೊರೆದದ್ದು ಅಳಿಯದು, ಅಳಿಯದ್ದು ಕಟ್ಟಳೆ ಎಂಬ ಅರ್ಥಸರಣಿ ಇಲ್ಲಿ ಕಾಣುತ್ತದೆ. ಕಲ್ಲಿನ ಶಾಸನವನ್ನೂ ಸರ್ಕಾರದ ಶಾಸನವನ್ನೂ ಒಂದೇ ಪದದಿಂದ ಕರೆಯುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಬ್ಬಿಯಲ್ಲಿ ಕೆತ್ತನೆಯ ಅರ್ಥ ಬಹುಮಟ್ಟಿಗೆ ಮರೆಯಾಗಿ, ದೃಢವಾದದ್ದು, ನಿಜವಾದದ್ದು ಎಂಬ ಅರ್ಥ ಮುಂದೆ ಬಂದಿದೆ.

ಅಭಿಜಾತ ಅರಬ್ಬಿಯಲ್ಲಿ ಸಾಧಿತಗಳು

‘ಹಕ್ಕ್’ ಎಂಬ ಮೂಲ ನಾಮಪದಕ್ಕೆ ಸತ್ಯ, ನಿಜ, ನ್ಯಾಯ, ಪಾಲು, ಹಕ್ಕು, ಋಣ, ಕರ್ತವ್ಯ ಎಂಬ ಅರ್ಥಗಳಿವೆ. ಕುರ್‌ಆನ್‌ನಲ್ಲಿ ಈ ಪದ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. ಹೆಚ್ಚಿನ ಕಡೆ ಅದರ ಎದುರುಪದ ‘ಬಾತಿಲ್’, ಅಂದರೆ ಟೊಳ್ಳು, ಸುಳ್ಳು. ‘ಅಲ್-ಹಕ್ಕ್’ ದೇವರ ಹೆಸರುಗಳಲ್ಲಿ ಒಂದು. 69ನೆಯ ಅಧ್ಯಾಯದ ಹೆಸರು ‘ಅಲ್-ಹಾಕ್ಕ’; ತಪ್ಪದೆ ಬಂದೇ ಬರುವುದು ಎಂದು ಅದರ ಅರ್ಥ. ತೀರ್ಪಿನ ದಿನವನ್ನು ಅದು ಸೂಚಿಸುತ್ತದೆ. ಅಬ್ದುಲ್ ಹಕ್, ಶಂಸುಲ್ ಹಕ್ ಮೊದಲಾದ ವ್ಯಕ್ತಿನಾಮಗಳಲ್ಲಿ ಇರುವುದು ದೇವರ ಹೆಸರಿನ ಅರ್ಥವೇ ಹೊರತು ಕಾನೂನಿನ ಅರ್ಥವಲ್ಲ.

ಈ ಪದದ ವಿಶೇಷವೆಂದರೆ, ಪಡೆಯುವುದನ್ನೂ ಕೊಡುವುದನ್ನೂ ಅದು ಒಟ್ಟಿಗೆ ಹೇಳುತ್ತದೆ. ಅರಬ್ಬಿಯಲ್ಲಿ ‘ಲ’ ಎಂಬ ಉಪಸರ್ಗದೊಡನೆ ಬಂದಾಗ ಹಕ್ಕ್ ಎಂದರೆ ಒಬ್ಬನಿಗೆ ಸಲ್ಲಬೇಕಾದದ್ದು. ‘ಅಲಾ’ ಎಂಬುದರೊಡನೆ ಬಂದಾಗ ಅವನ ಮೇಲಿರುವ ಹೊರೆ. ಇಸ್ಲಾಮಿ ಧರ್ಮಶಾಸ್ತ್ರಜ್ಞರು ಇದನ್ನೇ ಬೆಳೆಸಿ ದೇವರ ಹಕ್ಕು, ಮನುಷ್ಯರ ಹಕ್ಕು ಎಂದು ಎರಡು ವರ್ಗ ಮಾಡಿದರು. ಪ್ರಾರ್ಥನೆ, ಉಪವಾಸಗಳು ಮೊದಲನೆಯ ವರ್ಗಕ್ಕೆ ಸೇರುತ್ತವೆ. ಸಾಲ, ಕೂಲಿ, ಪರಿಹಾರಗಳು ಎರಡನೆಯದಕ್ಕೆ. ಎರಡನೆಯ ವರ್ಗದ್ದನ್ನು ಮನ್ನಾ ಮಾಡುವ ಅಧಿಕಾರ ಅನ್ಯಾಯಕ್ಕೆ ಒಳಗಾದ ವ್ಯಕ್ತಿಗೆ ಸೇರಿದ್ದು. ನಿಕಾಹ್‌ನಲ್ಲಿ ವಧುವಿಗೆ ಸಲ್ಲುವ ಮೆಹರನ್ನು ಉರ್ದು ಮಾತಾಡುವ ಕುಟುಂಬಗಳು ‘ಹಕ್-ಎ-ಮೆಹರ್’ ಎನ್ನುವುದು ಈ ಹಿನ್ನೆಲೆಯಲ್ಲಿ.

‘ಹಕೀಕ’ ಎಂದರೆ ವಾಸ್ತವ, ತಿರುಳು. ಅಲಂಕಾರಶಾಸ್ತ್ರದಲ್ಲಿ ಇದು ವಾಚ್ಯಾರ್ಥದ ಪಾರಿಭಾಷಿಕ ಪದ. ಲಕ್ಷ್ಯಾರ್ಥಕ್ಕೆ ‘ಮಜಾಜ್’ ಎನ್ನುತ್ತಾರೆ. ಸೂಫಿ ಸಾಧನೆಯಲ್ಲಿ ಶರೀಅತ್, ತರೀಕತ್, ಹಕೀಕತ್, ಮಾರಿಫತ್ ಎಂಬ ಮೆಟ್ಟಿಲುಗಳಲ್ಲಿ ಅದೂ ಒಂದು. ‘ಅನಲ್ ಹಕ್’, ಅಂದರೆ ನಾನೇ ಸತ್ಯ, ಎಂಬ ಮಾತಿನೊಂದಿಗೆ ಹೆಸರು ಬೆಸೆದುಕೊಂಡ ಸೂಫಿ ಮನ್ಸೂರ್ ಅಲ್-ಹಲ್ಲಾಜನನ್ನು 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಪಡಿಸಲಾಯಿತು. ಆ ಮಾತಿನಲ್ಲಿರುವ ಹಕ್ಕ್ ದೇವರ ಹೆಸರೂ ಹೌದು, ಸತ್ಯವೆಂಬ ಸಾಮಾನ್ಯ ಪದವೂ ಹೌದು. ವಿವಾದ ಬೆಳೆಯಲು ಈ ದ್ವಂದ್ವಾರ್ಥವೂ ಕಾರಣವಾಯಿತು.

ಕ್ರಿಯಾರೂಪಗಳಲ್ಲಿ ಎರಡನೆಯ ಅಚ್ಚಿನ ‘ತಹ್ಕೀಕ್’ ಎಂದರೆ ನಿಜವನ್ನು ಸ್ಥಿರಪಡಿಸುವುದು, ವಿಚಾರಣೆ, ಸಂಶೋಧನೆ. ಅದನ್ನು ಮಾಡುವವನು ‘ಮುಹಕ್ಕಿಕ್’. ಹಸ್ತಪ್ರತಿಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವವನಿಗೂ ಇಂದಿನ ಅರಬ್ಬಿಯಲ್ಲಿ ಇದೇ ಹೆಸರು. ಹತ್ತನೆಯ ಅಚ್ಚಿನ ‘ಇಸ್ತಿಹ್ಕಾಕ್’ ಎಂದರೆ ಅರ್ಹತೆ. ‘ಮುಸ್ತಹಿಕ್ಕ್’ ಎಂದರೆ ಅರ್ಹ. ಜಕಾತ್ ಎಂಬ ಕಡ್ಡಾಯ ದಾನವನ್ನು ಪಡೆಯಲು ಅರ್ಹರಾದವರನ್ನು ಉರ್ದುವಿನಲ್ಲಿಯೂ ‘ಮುಸ್ತಹಿಕ್’ ಎಂದೇ ಕರೆಯುತ್ತಾರೆ.

ಇದೇ ಧಾತುವಿನ ಕೆಳಗೆ ನಿಘಂಟುಗಳು ಕೊಡುವ ಕೆಲವು ಪದಗಳು ಮೊದಲ ನೋಟಕ್ಕೆ ಹೊರಗಿನವೆನಿಸುತ್ತವೆ. ಮೂರು ವರ್ಷ ತುಂಬಿ ನಾಲ್ಕಕ್ಕೆ ಬಿದ್ದ ಗಂಡು ಒಂಟೆ ‘ಹಿಕ್ಕ್’, ಹೆಣ್ಣಾದರೆ ‘ಹಿಕ್ಕ’: ಹೇರು ಹೊರಲು, ಸವಾರಿಗೆ ಅರ್ಹವಾದದ್ದು ಎಂಬ ಕಾರಣಕ್ಕೆ. 46ರಿಂದ 60 ಒಂಟೆಗಳಿದ್ದವನು ಜಕಾತ್ ಆಗಿ ಒಂದು ಹಿಕ್ಕವನ್ನು ಕೊಡಬೇಕೆಂಬುದು ಧರ್ಮಶಾಸ್ತ್ರದ ಲೆಕ್ಕ. ಇನ್ನೊಂದು ‘ಹುಕ್ಕ’: ಕೊರೆದು ಮಾಡಿದ ಚಿಕ್ಕ ಭರಣಿ, ಡಬ್ಬಿ. ತೊಡೆಯ ಮೂಳೆ ಕೂರುವ ಸೊಂಟದ ಗುಳಿಗೂ ಅರಬ್ಬಿ ಅಂಗರಚನಾಶಾಸ್ತ್ರದಲ್ಲಿ ‘ಹುಕ್ಕ್’ ಎಂದೇ ಹೆಸರು. ಮೇಲೆ ಹೇಳಿದ ಹೀಬ್ರೂ ಅರ್ಥ, ಅಂದರೆ ಕೊರೆಯುವುದು, ಇಲ್ಲಿ ಉಳಿದುಕೊಂಡಿರುವಂತೆ ತೋರುತ್ತದೆ. ಈ ಭರಣಿಯ ಹೆಸರೇ ಭಾರತದಲ್ಲಿ ನೀರಿನ ಮೂಲಕ ಹೊಗೆ ಸೇದುವ ಸಾಧನಕ್ಕೆ ‘ಹುಕ್ಕಾ’ ಎಂದು ಸಲ್ಲತೊಡಗಿತು.

ಕನ್ನಡಕ್ಕೆ ಬಂದ ದಾರಿ

ಅರಬ್ಬಿಯಿಂದ ಕನ್ನಡ ನೇರವಾಗಿ ಪಡೆದ ಪದಗಳು ಕಡಿಮೆ. ಆಡಳಿತದ ಅರಬ್ಬಿ ಪದಗಳು ಪಾರಸಿಯ ಮೂಲಕ ದಖನಿಗೆ, ಮರಾಠಿಗೆ ಹಾಯ್ದು ಕನ್ನಡಕ್ಕೆ ಬಂದವು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯ, ಅದರ ಒಡಕಿನಿಂದ ಹುಟ್ಟಿ 1686ರವರೆಗೆ ಬಾಳಿದ ಬಿಜಾಪುರದ ಆದಿಲಶಾಹಿ, ಬೆಂಗಳೂರಿನಲ್ಲಿ ಜಹಗೀರು ಪಡೆದ ಶಹಾಜಿ, 1687ರಲ್ಲಿ ಶಿರಾ ಕೇಂದ್ರವಾಗಿ ಮೊಗಲರು ಕಟ್ಟಿದ ಪ್ರಾಂತ್ಯ, 1761ರಿಂದ 1799ರವರೆಗಿನ ಹೈದರ್ ಮತ್ತು ಟಿಪ್ಪು ಆಳ್ವಿಕೆ, ಆಮೇಲೆ ಮರಾಠಿ ಬಲ್ಲ ಅಧಿಕಾರಿಗಳಿದ್ದ ಪೂರ್ಣಯ್ಯನವರ ದಿವಾನಗಿರಿ: ಇವು ಆ ದಾರಿಯ ಮುಖ್ಯ ಘಟ್ಟಗಳು. ಕಂದಾಯದ ಲೆಕ್ಕವನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿದ ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲಶಾಹನ (1534–1558) ಕ್ರಮದಿಂದ ಸ್ಥಳೀಯ ಲೆಕ್ಕಿಗರು ಆಡಳಿತಕ್ಕೆ ಬಂದರು. ಪಾರಿಭಾಷಿಕ ಪದಗಳು ಮಾತ್ರ ಪಾರಸಿ-ಅರಬ್ಬಿಯವೇ ಉಳಿದು ದೇಶಭಾಷೆಗಳ ಒಳಗೆ ಸೇರಿಕೊಂಡವು.

ಕನ್ನಡದ ರೂಪ ಮರಾಠಿಯ ‘ಹಕ್ಕ’ಕ್ಕೆ ಹತ್ತಿರ. ಉರ್ದುವಿನಲ್ಲಿ ಪದ ಬಿಡಿಯಾಗಿ ಬಂದಾಗ ದ್ವಿತ್ವ ಸಡಿಲವಾಗಿ ‘ಹಕ್’ ಎಂದು ಕೇಳಿಸುತ್ತದೆ. ದಖನಿಯಲ್ಲಿ ಕಿರುನಾಲಿಗೆಯ ಕಕಾರ ಖಕಾರದಂತಾಗಿ ‘ಹಖ್’ ಆಗುತ್ತದೆ. ಕನ್ನಡದ್ದು ದ್ವಿತ್ವವನ್ನು ಬಿಡದ, ಖಕಾರಕ್ಕೆ ತಿರುಗದ ರೂಪ. ಆದ್ದರಿಂದ ದಖನಿಗಿಂತ ಮರಾಠಿ ಬಾಗಿಲಿನಿಂದ ಬಂದಿತೆಂದು ಎಣಿಸುವುದು ಹೆಚ್ಚು ಯುಕ್ತ. ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿ ವತನುಗಳಿಗೆ ಸಲ್ಲುತ್ತಿದ್ದ ಪಾಲುಗಳಿಗೆ ಮರಾಠಿ ಕಾಗದಪತ್ರಗಳಲ್ಲಿ ‘ಹಕ್ಕ’ ಎಂಬುದೇ ಪರಿಭಾಷೆಯಾಗಿತ್ತು.

ಇದಕ್ಕೆ ಮೊದಲು ಕನ್ನಡದಲ್ಲಿ ಈ ಕಲ್ಪನೆ ಇರಲಿಲ್ಲವೆಂದಲ್ಲ. ಕರ್ನಾಟಕದ ದಾನಶಾಸನಗಳು ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಎಂಟು ಬಗೆಯ ಅನುಭೋಗವನ್ನು ‘ಅಷ್ಟಭೋಗ ತೇಜಸ್ವಾಮ್ಯ’ ಎಂದು ಎಣಿಸಿ ಹೇಳುತ್ತವೆ. ಸ್ವಾಮ್ಯ, ಮಾನ್ಯ, ಉಂಬಳಿ, ಬಾಧ್ಯತೆ ಎಂಬ ಪದಗಳಿದ್ದವು. ಇವುಗಳಲ್ಲಿ ಪ್ರತಿಯೊಂದೂ ಒಂದು ಬಗೆಯ ಭೋಗವನ್ನೋ ಒಂದು ಬಗೆಯ ಭೂಮಿಯನ್ನೋ ಹೆಸರಿಸುತ್ತಿತ್ತು. ಎಲ್ಲ ಬಗೆಗೂ ಅನ್ವಯಿಸುವ ಚಿಕ್ಕ ಪದವೊಂದರ ಜಾಗಕ್ಕೆ ಹಕ್ಕು ಬಂದು ಕೂತಿತು.

ಕನ್ನಡದಲ್ಲಿ ರೂಪ ಮತ್ತು ಸಮಾಸ

ಉಕಾರ ಸೇರಿ ‘ಹಕ್ಕು’ ಆದ ಮೇಲೆ ಪದ ಕನ್ನಡದ ನಪುಂಸಕಲಿಂಗದ ಉಕಾರಾಂತಗಳಂತೆ ನಡೆಯುತ್ತದೆ: ಹಕ್ಕನ್ನು, ಹಕ್ಕಿನ, ಹಕ್ಕಿನಲ್ಲಿ, ಹಕ್ಕುಗಳು. ಪಕ್ಷಿಯ ಅರ್ಥದ ‘ಹಕ್ಕಿ’ ಹಳಗನ್ನಡದ ‘ಪಕ್ಕಿ’ಯಿಂದ ಬಂದದ್ದು; ಅದು ಹಕ್ಕಿಯ, ಹಕ್ಕಿಯನ್ನು ಎಂದು ಬೇರೆಯಾಗಿ ನಡೆಯುತ್ತದೆ. ಚತುರ್ಥಿಯಲ್ಲಿ ಮಾತ್ರ ಎರಡಕ್ಕೂ ‘ಹಕ್ಕಿಗೆ’ ಎಂಬ ಒಂದೇ ರೂಪ. ಕೊಯ್ಲಿನ ನಂತರ ಹೊಲದಲ್ಲಿ ಉಳಿದ ತೆನೆಯನ್ನು ಆಯುವ ‘ಹಕ್ಕಲು’, ವಿಜಯನಗರದ ಹರಿಹರನ ಇನ್ನೊಂದು ಹೆಸರಾದ ‘ಹಕ್ಕ’ ಇವೂ ಈ ಧಾತುವಿಗೆ ಸೇರಿದವಲ್ಲ.

ಸಮಾಸಗಳಲ್ಲಿ ಹಕ್ಕು ಯಾವ ಭಾಷೆಯ ಪದವನ್ನೂ ಪಕ್ಕಕ್ಕೆ ಬಿಟ್ಟುಕೊಳ್ಳುತ್ತದೆ. ಪಾರಸಿ ಪ್ರತ್ಯಯದೊಡನೆ ಹಕ್ಕುದಾರ. ಸಂಸ್ಕೃತದೊಡನೆ ಹಕ್ಕುಪತ್ರ, ಹಕ್ಕುಸ್ವಾಮ್ಯ, ಜನ್ಮಸಿದ್ಧ ಹಕ್ಕು. ಅರಬ್ಬಿಯದೇ ಬೇರೆ ಧಾತುಗಳಿಂದ ಬಂದ ಪದಗಳೊಡನೆ ಮಾಲೀಕತ್ವದ ಹಕ್ಕು, ವಾರಸಾ ಹಕ್ಕು, ಹಕ್ಕು ಖುಲಾಸೆ. ಅಚ್ಚಗನ್ನಡದೊಡನೆ ಲೋಪಸಂಧಿಯಾಗಿ ‘ಹಕ್ಕೊತ್ತಾಯ’. ಮನವಿಪತ್ರ ಎಂಬುದಕ್ಕಿಂತ ಬಿರುಸಾದ ಪದ ಬೇಕಾದಾಗ ಸಂಘಟನೆಗಳು ಇದನ್ನು ಬಳಸುತ್ತವೆ. ಬಾಲಗಂಗಾಧರ ತಿಲಕರು ತಮ್ಮ ಹೋಂ ರೂಲ್ ಲೀಗನ್ನು ಕಟ್ಟಿದ್ದು 1916ರ ಏಪ್ರಿಲ್‌ನಲ್ಲಿ, ಬೆಳಗಾವಿಯಲ್ಲಿ ನಡೆದ ಪ್ರಾಂತೀಯ ಸಮ್ಮೇಳನದ ಸಂದರ್ಭದಲ್ಲಿ. ಸ್ವರಾಜ್ಯವನ್ನು ಜನ್ಮಸಿದ್ಧವೆಂದು ಸಾರಿದ ಅವರ ಮರಾಠಿ ಘೋಷಣೆಯ ‘ಹಕ್ಕ’ ಕನ್ನಡಕ್ಕೆ ಬಂದಾಗ ‘ಹಕ್ಕು’ ಆಯಿತು. ಬೇರೆ ಪದ ಹುಡುಕಬೇಕಾಗಲಿಲ್ಲ.

ಅರ್ಥದ ಮಟ್ಟಿಗೆ ಕನ್ನಡ ಪಡೆದದ್ದು ಅರ್ಧ. ಅರಬ್ಬಿ ಹಕ್ಕ್‌ನ ಸತ್ಯದ ಅರ್ಥ ಕನ್ನಡದ ಹಕ್ಕಿನಲ್ಲಿ ಇಲ್ಲ, ಹೊರೆಯ ಅರ್ಥವೂ ಇಲ್ಲ. ಕನ್ನಡದಲ್ಲಿ ಹಕ್ಕು ಎಂದರೆ ಕೇಳಿ ಪಡೆಯುವುದು ಮಾತ್ರ. ಹೊರೆಯನ್ನು ಹೇಳಲು ಇನ್ನೊಂದು ಪದ ಸೇರಿಸಿ ‘ಹಕ್ಕುಬಾಧ್ಯತೆ’ ಎನ್ನಬೇಕಾಗುತ್ತದೆ. ಕ್ರಯಪತ್ರ, ವಿಭಾಗಪತ್ರಗಳಲ್ಲಿ ಬರುವ ಈ ಜೋಡುಪದ ಅರಬ್ಬಿಯಲ್ಲಿ ಒಂದೇ ಪದ ಮಾಡುತ್ತಿದ್ದ ಕೆಲಸವನ್ನು ಎರಡು ಪದಗಳಿಂದ ಮಾಡುತ್ತದೆ.

ಭೂದಾಖಲೆಗಳಲ್ಲಿ

ಪದದ ಬಳಕೆ ಅತ್ಯಂತ ದಟ್ಟವಾಗಿರುವುದು ಕಂದಾಯದ ಕಾಗದಗಳಲ್ಲಿ. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹೋಬಳಿಗಳಲ್ಲಿ ಒಂದಾದ ಕಣಕಟ್ಟೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ‘ಕಣ’, ‘ಕಟ್ಟೆ’, ‘ಹೋಬಳಿ’ ದೇಶೀಯ ಪದಗಳು. ಅದರಾಚೆಗಿನ ವಿಳಾಸ ಅರಬ್ಬಿ ಧಾತುಗಳದು: ‘ತಾಲ್ಲೂಕು’ ತೂಗುಬೀಳು, ಅಂಟಿಕೊಂಡಿರು ಎಂಬರ್ಥದ ಧಾತುವಿನ ‘ತಅಲ್ಲುಕ್’ನಿಂದ, ‘ಜಿಲ್ಲೆ’ ಪಕ್ಕೆಲುಬು, ಪಕ್ಕ ಎಂಬರ್ಥದ ಪದದಿಂದ, ‘ತಹಸೀಲ್ದಾರ’ ಗಳಿಸು, ಸಂಗ್ರಹಿಸು ಎಂಬರ್ಥದ ಹ-ಸ-ಲ ಧಾತುವಿನಿಂದ. ಈ ವಲಯದ ಒಣಭೂಮಿ, ತೆಂಗಿನ ತೋಟಗಳ ಪಹಣಿಯಲ್ಲಿ ಉಳುಮೆಗೆ ಬಾರದ ಭಾಗಕ್ಕೆ ಬರೆಯುವ ‘ಖರಾಬು’ ಹಾಳುಬೀಳು ಎಂಬರ್ಥದ ಖ-ರ-ಬ ಧಾತುವಿನದು.

ಪಹಣಿ ಎಂದು ಜನ ಕರೆಯುವ ಆರ್‌ಟಿಸಿಯ 11ನೆಯ ಅಂಕಣದ ಶೀರ್ಷಿಕೆ ‘ಇತರೆ ಹಕ್ಕುಗಳು ಮತ್ತು ಋಣಗಳು’. ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲ, ಆಧಾರ, ನ್ಯಾಯಾಲಯದ ತಡೆಯಾಜ್ಞೆ ಇವು ಅಲ್ಲಿ ನಮೂದಾಗುತ್ತವೆ. ಜಮೀನು ಕೊಳ್ಳುವ ಮೊದಲು ತಿಳಿದವರು ಒಡೆಯನ ಹೆಸರಿನ ಅಂಕಣದಷ್ಟೇ ಎಚ್ಚರದಿಂದ ಇದನ್ನೂ ಓದುತ್ತಾರೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 127ನೆಯ ಪ್ರಕರಣ ಹಕ್ಕುಗಳ ದಾಖಲೆಯನ್ನು ಕುರಿತದ್ದು. 128ನೆಯದು ಹಕ್ಕು ಪಡೆದುದನ್ನು ವರದಿ ಮಾಡುವ ಬಗ್ಗೆ. 129ನೆಯದು ಬದಲಾವಣೆಗಳ ವಹಿಯ ಬಗ್ಗೆ. ಈ ಬದಲಾವಣೆಗೆ ಕಚೇರಿಯಲ್ಲಿ ‘ಹಕ್ಕು ಬದಲಾವಣೆ’ ಎಂದೂ ಊರಿನಲ್ಲಿ ‘ಖಾತೆ ಬದಲಾವಣೆ’ ಎಂದೂ ಹೇಳುತ್ತಾರೆ. ಒಡೆಯ ತೀರಿಕೊಂಡಾಗ ಆಗುವ ಬದಲಾವಣೆ ‘ಪೌತಿ ಖಾತೆ’. ‘ಪೌತಿ’ ಸಹ ಅರಬ್ಬಿಯದೇ, ತೀರಿಹೋಗು ಎಂಬರ್ಥದ ‘ಫೌತ್’ನಿಂದ ಬಂದದ್ದು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗಣಕೀಕರಣಗೊಂಡವು. ಕೈಬರಹದ ಪಹಣಿ ಚಲಾವಣೆಯಿಂದ ಹೋಯಿತು. ಅಂಕಣದ ಶೀರ್ಷಿಕೆ ಹೋಗಲಿಲ್ಲ.

ಹಕ್ಕು ಮತ್ತು ಹುಕುಂ ಎಂಬ ಎರಡು ಪದಗಳನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. ‘ಹುಕುಂ’ ತೀರ್ಪು, ಆಜ್ಞೆ ಎಂಬರ್ಥದ ಹ-ಕ-ಮ ಧಾತುವಿನದು. ವೈದ್ಯನೆಂಬ ಅರ್ಥದ ‘ಹಕೀಮ’ನೂ ಅದರದ್ದೇ ಸಂತತಿ. ಸರ್ಕಾರಿ ಜಮೀನನ್ನು ಆಜ್ಞೆಯಿಲ್ಲದೆ ಉಳುತ್ತಿರುವುದು ‘ಬಗರ್ ಹುಕುಂ’. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದ ಸಾಗುವಳಿದಾರ ಬಯಸುವುದು ಆ ಹುಕುಂ ಇಲ್ಲದ ಉಳುಮೆ ಹಕ್ಕಾಗಿ ಬದಲಾಗಲಿ ಎಂದು. ಅರ್ಜಿ ಮಂಜೂರಾದರೆ ಸಾಗುವಳಿ ಚೀಟಿ ಸಿಗುತ್ತದೆ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗಳಿಗೆ ಭೂಕಂದಾಯ ಅಧಿನಿಯಮದ 94ಸಿ ಮತ್ತು 94ಸಿಸಿ ಪ್ರಕರಣಗಳ ಕೆಳಗೆ ಕೊಡುವುದು ‘ಹಕ್ಕುಪತ್ರ’. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ ಮೊದಲಾದ, ಕಂದಾಯ ದಾಖಲೆಯಲ್ಲಿ ಹೆಸರೇ ಇಲ್ಲದ ವಸತಿಗಳನ್ನು ಕಂದಾಯ ಗ್ರಾಮಗಳಾಗಿ ಮಾಡುವ ಕೆಲಸದಲ್ಲಿಯೂ ಕೊನೆಗೆ ಕೈಗೆ ಬರುವ ಕಾಗದ ಇದೇ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 2023ರ ಜನವರಿ 19ರಂದು ಪ್ರಧಾನಿಯವರು ಸುಮಾರು 50,000 ಫಲಾನುಭವಿಗಳಿಗೆ ಹಕ್ಕುಪತ್ರ ವಿತರಣೆಯ ಕಾರ್ಯಕ್ರಮ ನಡೆಸಿದರು. ಫಲಾನುಭವಿಗಳಲ್ಲಿ ಬಹುಪಾಲು ತಾಂಡಾಗಳವರು.

ಕರಾವಳಿಯಲ್ಲಿ ‘ಕುಮ್ಕಿ ಹಕ್ಕು’ ಎಂಬ ವಿಶೇಷ ಪ್ರಯೋಗವಿದೆ. ಪಟ್ಟಾ ಜಮೀನಿಗೆ ತಾಗಿದ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ, ಮೇವು ಪಡೆಯುವ ಸೌಲಭ್ಯ ಇದು. ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕಾನೆ, ಕೊಡಗಿನಲ್ಲಿ ಬಾಣೆ, ಮಲೆನಾಡಿನಲ್ಲಿ ಸೊಪ್ಪಿನಬೆಟ್ಟ ಎಂದು ಹೆಸರುಗಳು ಬೇರೆಬೇರೆ. ಕಾನೂನಿನ ಭಾಷೆಯಲ್ಲಿ ಇವು ಒಡೆತನವಲ್ಲ, ವಿಶೇಷ ಸೌಲಭ್ಯಗಳು. ಆದರೂ ಜನ ಹಕ್ಕೆಂದೇ ಕರೆಯುತ್ತಾರೆ.

ಕಾನೂನು ಮತ್ತು ರಾಜ್ಯವ್ಯವಸ್ಥೆಯಲ್ಲಿ

ಸಂವಿಧಾನದ 3ನೆಯ ಭಾಗಕ್ಕೆ ಕನ್ನಡದಲ್ಲಿ ‘ಮೂಲಭೂತ ಹಕ್ಕುಗಳು’ ಎಂದು ಹೆಸರು. ಹಿಂದಿ ಪಾಠದಲ್ಲಿ ಅದು ‘ಮೂಲ ಅಧಿಕಾರ್’. ಸ್ವಾತಂತ್ರ್ಯದ ನಂತರ ಆಡಳಿತಕ್ಕೆ ಹೊಸ ಪರಿಭಾಷೆ ಕಟ್ಟಿದವರು ಹೆಚ್ಚಿನ ಕಡೆ ಸಂಸ್ಕೃತವನ್ನೇ ಆಶ್ರಯಿಸಿದರು. ಕನ್ನಡದಲ್ಲಿಯೂ ಹಾಗೆಯೇ ಆಯಿತು. ಹಕ್ಕು ಮಾತ್ರ ಕದಲಲಿಲ್ಲ. ಕಾರಣ ಸರಳ. ಕನ್ನಡದಲ್ಲಿ ‘ಅಧಿಕಾರ’ ಎಂದರೆ ಹುದ್ದೆಯ ಬಲ, ಆಳುವವನ ಕೈಯಲ್ಲಿರುವುದು. ಹಕ್ಕು ಆಳಿಸಿಕೊಳ್ಳುವವನದು. ಎರಡಕ್ಕೂ ಒಂದೇ ಪದವಾದರೆ ಪ್ರಜೆಗೂ ತಹಸೀಲ್ದಾರನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಹೀಗೆ ಉಳಿದ ಪದ ಕಾಯ್ದೆಗಳ ಹೆಸರುಗಳಲ್ಲಿ ಬೆಳೆಯಿತು. 2005ರ ಮಾಹಿತಿ ಹಕ್ಕು ಅಧಿನಿಯಮಕ್ಕೂ ಮೊದಲೇ ಕರ್ನಾಟಕ 2000ದಲ್ಲಿ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಹಕ್ಕನ್ನು ಪಡೆದರು. 2009ರದು ಶಿಕ್ಷಣ ಹಕ್ಕು. ಗೇಣಿದಾರನಿಗೆ ಅಧಿಭೋಗದ ಹಕ್ಕು ಕೊಟ್ಟ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರ ಜುಲೈ 30ರಿಂದ ಜಾರಿಗೊಳಿಸಿತು. ಕೇಂದ್ರದ ಕಾನೂನು ಆ ಹಾದಿಗೆ ಬಂದದ್ದು 2005ರಲ್ಲಿ. ಇದರ ಜೊತೆಯಲ್ಲೇ ಉಪನೋಂದಣಿ ಕಚೇರಿಗಳಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಬರೆದುಕೊಡುವ ‘ಹಕ್ಕು ಬಿಡುಗಡೆ ಪತ್ರ’ ಸಾಮಾನ್ಯ ದಸ್ತಾವೇಜಾಯಿತು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ‘ಹಕ್ಕು ಖುಲಾಸೆ’ ಎಂಬ ಹೆಸರೂ ಇದೆ.

ವಿಧಾನಮಂಡಲದ ಪರಿಭಾಷೆಯಲ್ಲಿ ಸದಸ್ಯರ ವಿಶೇಷ ಸವಲತ್ತಿನ ಉಲ್ಲಂಘನೆ ‘ಹಕ್ಕುಚ್ಯುತಿ’. ಅದನ್ನು ವಿಚಾರಿಸುವುದು ‘ಹಕ್ಕುಬಾಧ್ಯತಾ ಸಮಿತಿ’. ಪುಸ್ತಕಗಳ ಆರಂಭದ ಪುಟದಲ್ಲಿ ಅಚ್ಚಾಗುವುದು ‘ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಘೋಷಣೆಯನ್ನು ಕನ್ನಡದಲ್ಲಿ ಮಾನವ ಹಕ್ಕುಗಳ ಘೋಷಣೆ ಎನ್ನುತ್ತೇವೆ. ಅದರ ಅರಬ್ಬಿ ಶೀರ್ಷಿಕೆಯಲ್ಲಿ ಇರುವುದೂ ಹಕ್ಕ್‌ನ ಬಹುವಚನ ‘ಹುಕೂಕ್’.

ಕನ್ನಡದಲ್ಲಿ ಇತರ ಸಾಧಿತಗಳು

ಹಕ್ಕಿನಷ್ಟು ಹರಡದಿದ್ದರೂ ‘ಹಕೀಕತ್ತು’ ಉತ್ತರ ಕರ್ನಾಟಕದ ಮಾತಿನಲ್ಲಿ ನಡೆದ ಸಂಗತಿ, ನಿಜವಾದ ವಿವರ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಹಕ್ಕಿನಲ್ಲಿ ಬಿಟ್ಟುಹೋದ ಸತ್ಯದ ಅರ್ಥ ಕನ್ನಡದಲ್ಲಿ ಉಳಿದಿರುವುದು ಇಲ್ಲಿ. ಹಳೆಯ ಮೈಸೂರಿನ ಕಡೆ, ಅರಸೀಕೆರೆಯ ಸುತ್ತ, ‘ನಮಗೂ ಹಕ್ಕೈತೆ’ ಎಂಬ ಮಾತು ಸಹಜ. ಹಕೀಕತ್ತು ಅಲ್ಲಿ ಕಿವಿಗೆ ಬೀಳುವುದು ಉರ್ದು ಮಾತಾಡುವವರಿಂದ. ತಹ್ಕೀಕ್, ಮುಸ್ತಹಿಕ್ ಎಂಬ ಪದಗಳೂ ಕರ್ನಾಟಕದಲ್ಲಿ ಉರ್ದು ಬಳಕೆಯ ಒಳಗೇ ಉಳಿದಿವೆ. ಮರಾಠಿಯಲ್ಲಿ ವೃಥಾ, ಕಾರಣವಿಲ್ಲದೆ ಎಂಬರ್ಥದ ‘ನಾಹಕ’ ಚಲಾವಣೆಯಲ್ಲಿದೆ. ಹಕ್ಕಿಲ್ಲದೆ ಎಂಬುದು ಅದರ ಬಿಡಿ ಅರ್ಥ.

‘ಹುಕ್ಕಾ’ ಕನ್ನಡದಲ್ಲಿ ‘ಗುಡುಗುಡಿ’ ಎಂಬ ಅನುಕರಣಶಬ್ದದೊಡನೆ ಪೈಪೋಟಿ ನಡೆಸಬೇಕಾಯಿತು. ಶಿಶುನಾಳ ಷರೀಫರ (1819–1889) ಪ್ರಸಿದ್ಧ ತತ್ವಪದವೊಂದರ ವಸ್ತು ಗುಡುಗುಡಿ. ನಗರಗಳಲ್ಲಿ ಹುಕ್ಕಾ ಬಾರ್‌ಗಳು ಬಂದ ಮೇಲೆ ಅರಬ್ಬಿ ಮೂಲದ ಹೆಸರು ಮತ್ತೆ ಮೇಲೆ ಬಂದಿತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಆದೇಶ, ವರದಿಗಳಲ್ಲಿ ಬಂದದ್ದು ಹುಕ್ಕಾ ಎಂಬ ರೂಪವೇ.

ಇತರ ಭಾಷೆಗಳಲ್ಲಿ

ತೆಲುಗಿನಲ್ಲಿ ರೂಪವೂ ಅರ್ಥವೂ ಕನ್ನಡದಂತೆಯೇ ‘ಹಕ್ಕು’. ಸಂವಿಧಾನದ ಪರಿಭಾಷೆಯಲ್ಲಿಯೂ ಅದೇ. ತಮಿಳು ‘ಉರಿಮೈ’ ಎನ್ನುತ್ತದೆ, ಮಲಯಾಳಂ ‘ಅವಕಾಶಂ’ ಎನ್ನುತ್ತದೆ. ಕಾಸರಗೋಡಿನ ಕನ್ನಡಿಗರಿಗೆ ಈ ಎರಡನೆಯದು ದಿನನಿತ್ಯದ ಸಂಗತಿ: ಮಲಯಾಳಂ ಸರ್ಕಾರಿ ಕಾಗದದ ‘ಅವಕಾಶಂ’ ಕನ್ನಡಕ್ಕೆ ಬರುವಾಗ ‘ಹಕ್ಕು’ ಆಗಬೇಕು, ಏಕೆಂದರೆ ಕನ್ನಡದಲ್ಲಿ ಅವಕಾಶ ಎಂದರೆ ಬರೀ ಆಸ್ಪದ. ಅಲ್ಲಿಯ ಭಾಷಾ ಅಲ್ಪಸಂಖ್ಯಾತರ ಬೇಡಿಕೆಗಳೂ ಹಕ್ಕುಗಳೆಂದೇ ಮಂಡನೆಯಾಗುತ್ತವೆ.

ಭಾರತದಾಚೆ ಸ್ವಾಹಿಲಿಯಲ್ಲಿ ‘ಹಕಿ’ ಎಂದರೆ ಹಕ್ಕು ಮತ್ತು ನ್ಯಾಯ ಎರಡೂ. ಮಲಯ ಮತ್ತು ಇಂಡೊನೇಷ್ಯದ ಭಾಷೆಗಳಲ್ಲಿ ‘ಹಕ್’. ತುರ್ಕಿಯಲ್ಲಿ ಏಕವಚನದ ‘ಹಕ್’ ಹಕ್ಕಾದರೆ ಬಹುವಚನದಿಂದ ಬಂದ ‘ಹುಕುಕ್’ ಕಾನೂನುಶಾಸ್ತ್ರ. ಪಾರಸಿಯಲ್ಲಿ ಅದೇ ಬಹುವಚನಕ್ಕೆ ಕಾನೂನಿನ ಜೊತೆಗೆ ತಿಂಗಳ ಸಂಬಳ ಎಂಬ ಅರ್ಥವೂ ಬೆಳೆದಿದೆ.

ಇಂದಿನ ಸ್ಥಿತಿ

ಕನ್ನಡ ಬಳಕೆದಾರರಲ್ಲಿ ಬಹುಪಾಲು ಮಂದಿಗೆ ‘ಹಕ್ಕು’ ಅನ್ಯದೇಶ್ಯವೆನಿಸುವುದಿಲ್ಲ. ಪಾರಸಿ-ಅರಬ್ಬಿ ಮೂಲದ ಕಚೇರಿಪದಗಳ ಪೈಕಿ ಹಲವು ಹಿಂದೆ ಸರಿಯುತ್ತಿವೆ: ಹುಕುಂ ಬದಲು ಆದೇಶ, ವಾರಸುದಾರನ ಬದಲು ಉತ್ತರಾಧಿಕಾರಿ, ಕಬ್ಜೆಯ ಬದಲು ಸ್ವಾಧೀನ. ಇನ್ನೊಂದು ಕಡೆಯಿಂದ ಮ್ಯುಟೇಶನ್, ಆರ್‌ಟಿಸಿ ಎಂಬ ಇಂಗ್ಲಿಷ್ ಹೆಸರುಗಳು ಬಂದಿವೆ. ಹಕ್ಕಿಗೆ ಬದಲಿಯಾಗಿ ಯಾವ ಪದವೂ ಬಳಕೆಗೆ ಬಂದಿಲ್ಲ.